ತಿರುಗಿಸಿಟ್ಟ ಸೀಟು

೨೦೧೯ನೆಯ ಇಸವಿಯ ಮಾರ್ಚ್ ೧೪, ಗುರುವಾರದಂದು, ನಗರಸಭೆಯ ಎರಡನೆಯ ಮಹಡಿಯ ಸಭಾಕೊಠಡಿಯಲ್ಲಿ ಒಂದು ವಿಚಾರಣೆ ನಡೆಯಿತು. ಹೊರನೋಟಕ್ಕೆ ಅದರ ವಿಷಯ ತೀರ ಕ್ಷುಲ್ಲಕವಾದದ್ದು: ನಲವತ್ತೇಳನೆಯ ನಂಬರಿನ ಬಾಡಿಗೆ ಸೈಕಲ್ಲಿನ ಸೀಟು ಫೆಬ್ರುವರಿ ೨೧ರ ಮುಂಜಾನೆ ಯಾವ ದಿಕ್ಕಿಗೆ ಮುಖ ಮಾಡಿತ್ತು? ಮುಂದಕ್ಕಿತ್ತು ಎಂದಾದರೆ, ಕೆಟ್ಟ ಸೈಕಲ್ಲನ್ನು ಒಳ್ಳೆಯದೆಂದು ಸಾಲಿಗೆ ಸೇರಿಸಿದ ಮೆಕ್ಯಾನಿಕ್ಕನ ಕೆಲಸ ಹೋಗುತ್ತದೆ. ಹಿಂದಕ್ಕೆ ತಿರುಗಿತ್ತು ಎಂದಾದರೆ, ಎಚ್ಚರಿಕೆಯ ಗುರುತನ್ನು ಕಂಡೂ ಹತ್ತಿದವಳದೇ ತಪ್ಪೆಂದು ಸತ್ತವಳ ಹೆಸರಿನ ಮುಂದೆ ಬರೆಯಲಾಗುತ್ತದೆ. ನಿಜವೇನೆಂದು ಬಲ್ಲವಳು ಒಬ್ಬಳೇ. ಆಕೆ ಮೂರನೆಯ ಬೆಂಚಿನ ತುದಿಯಲ್ಲಿ, ಅತ್ತೆಯ ಪಕ್ಕದಲ್ಲಿ, ಎರಡು ಕೈಗಳನ್ನೂ ಸೆರಗಿನೊಳಗೆ ಸೇರಿಸಿಕೊಂಡು ಕುಳಿತಿದ್ದಳು. ಸತ್ತವಳು ಆಕೆಯ ನಾದಿನಿ.

ಬೀದಿಯವರು ಆಕೆಯನ್ನು ಇಸ್ತ್ರಿಯಕ್ಕ ಎಂದು ಕರೆಯುತ್ತಿದ್ದರು. ಆಕೆ ಇಸ್ತ್ರಿಯ ಕೆಲಸದವಳಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುವುದು ಒಳ್ಳೆಯದು. ಇಳಿಜಾರಿನ ಬುಡದಲ್ಲಿರುವ ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ವಾರ್ಡುಗಳಿಂದ ಇಳಿದು ಬರುವ ಚಾದರ, ದಿಂಬಿನ ಚೀಲ, ನಿಲುವಂಗಿಗಳನ್ನು ವಿಂಗಡಿಸಿ ನೆನೆಹಾಕುವುದಷ್ಟೇ ಆಕೆಯ ಪಾಲಿನ ಕೆಲಸ. ಇಸ್ತ್ರಿಯ ಯಂತ್ರವಿದ್ದದ್ದು ಪಕ್ಕದ ಕೋಣೆಯಲ್ಲಿ. ಅದನ್ನು ಮುಟ್ಟುವವರು ಬೇರೆ. ಆದರೆ ಒಮ್ಮೆ ಅಂಟಿದ ಹೆಸರು ಎಷ್ಟು ಒಗೆದರೂ ಹೋಗುವುದಿಲ್ಲ.

ಆಕೆ ಮೇಲುಕೇರಿಯ ಆ ಮನೆಗೆ ಸೊಸೆಯಾಗಿ ಬಂದದ್ದು ೧೯೯೮ರ ಜೂನ್ ೫, ಶುಕ್ರವಾರ. ಗಂಡ ಅಂಗಡಿಗಳ ಬೋರ್ಡು ಬರೆಯುವವನು. ೨೦೦೯ರ ನವೆಂಬರ್ ೧೭, ಮಂಗಳವಾರ, ಕಾಮಾಲೆಯಿಂದ ತೀರಿಕೊಂಡ. ಮಕ್ಕಳಿರಲಿಲ್ಲ. ತವರಿಗೆ ಕಳುಹಿಸಿಬಿಡಿ ಎಂದು ಬುದ್ಧಿ ಹೇಳಲು ಬಂದ ನೆಂಟರಿಗೆ ಅತ್ತೆಯವರು, "ಇವಳು ಹೋದ್ರೆ ನನ್ನ ಮಗಳ ಜೊತೆ ಜಗಳ ಆಡೋರು ಯಾರಪ್ಪಾ? ನಂಗೆ ವಯಸ್ಸಾಯ್ತು, ಅಷ್ಟು ಶಕ್ತಿ ಇಲ್ಲ" ಎಂದು ಉತ್ತರ ಕೊಟ್ಟು ಚಹದ ಲೋಟ ಎತ್ತಿಕೊಂಡು ಒಳಗೆ ಹೋದರಂತೆ. ಆ ಮಾತು ಅಲ್ಲಿಗೆ ಮುಗಿಯಿತು. ಒಂದು ಕೋಣೆ, ಒಂದು ಅಡುಗೆಮನೆ, ಒಂದು ಮಂಚ, ಮೂವರು ಹೆಂಗಸರು. ಅತ್ತೆಯವರು ಸೊಸೆಯನ್ನು "ದೊಡ್ಡವಳೇ" ಎನ್ನುತ್ತಿದ್ದರು, ಮಗಳನ್ನು "ಚಿಕ್ಕವಳೇ" ಎನ್ನುತ್ತಿದ್ದರು. ಹೆಸರು ಹಿಡಿದು ಕರೆದದ್ದನ್ನು ಯಾರೂ ಕೇಳಿಲ್ಲ.

ಚಿಕ್ಕವಳಿಗೆ ಬೀದಿ ಇಟ್ಟ ಹೆಸರು ರೇಡಿಯೊ. ಕಣ್ಣು ಬಿಟ್ಟಾಗ ಶುರುವಾದ ಮಾತು ಕಣ್ಣು ಮುಚ್ಚಿದ ಮೇಲೂ ಒಂದಷ್ಟು ಹೊತ್ತು ನಡೆಯುತ್ತಿತ್ತು. ಕುಳ್ಳು ಮೈಕಟ್ಟು, ಬ್ರೆಡ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಮದುವೆಯ ಮಾತು ತೆಗೆದವರಿಗೆ, "ನನ್ನ ಸ್ಟೇಷನ್ ಹಿಡಿಯೋ ಗಂಡಸು ಇನ್ನೂ ಹುಟ್ಟಿಲ್ಲ ಬಿಡಿ. ಹುಟ್ಟಿದ್ರೂ ವಾಲ್ಯೂಮ್ ತಗ್ಗಿಸೋಕೆ ನೋಡ್ತಾನೆ" ಎನ್ನುತ್ತಿದ್ದಳು.

ಮೇಲುಕೇರಿಯಿಂದ ಕೆಳಗಿನ ಪೇಟೆಗೆ ಹಿಂದೆ ಒಂದು ಅಂಕುಡೊಂಕಿನ ದಾರಿಯಿತ್ತು. ಪ್ರತಿಯೊಂದು ತಿರುವಿನಲ್ಲೂ ಮರ, ಮರದ ಕೆಳಗೆ ಕೂರಲು ಕಟ್ಟೆಕಲ್ಲು. ಏರುವವರು ಕುಳಿತು ಉಸಿರು ತೆಗೆದುಕೊಳ್ಳುತ್ತಿದ್ದರು. ಇಳಿಯುವವರ ವೇಗಕ್ಕೆ ಆ ತಿರುವುಗಳೇ ಕಡಿವಾಣ. ಮೇಲ್ಸೇತುವೆ ಬಂದಾಗ ಅದರ ಕಂಬಗಳಿಗೆ ಜಾಗ ಬೇಕಾಯಿತು. ಮರಗಳು ಹೋದವು, ತಿರುವುಗಳು ಹೋದವು. ದಾರಿಯನ್ನು ಎಳೆದು ನೆಟ್ಟಗೆ ಮಾಡಿದರು. ಒಂದು ಬದಿಗೆ ಹೊಸ ವಸತಿ ಸಮುಚ್ಚಯದವರು ಒಂದೂವರೆ ಆಳೆತ್ತರದ ಗೋಡೆ ಕಟ್ಟಿಕೊಂಡರು. ಕಾಲುದಾರಿಗೆ ಜಾಗ ಉಳಿಯಲಿಲ್ಲ. ಇಳಿಜಾರಿನ ಬುಡದಲ್ಲಿ ಮಾತ್ರ, ಸೇತುವೆಯ ಕೊನೆಯ ಕಂಬವನ್ನು ಬಳಸಿಕೊಂಡು, ರಸ್ತೆ ಒಮ್ಮೆಗೇ ಎಡಕ್ಕೆ ಹೊರಳುತ್ತಿತ್ತು. ಸೇತುವೆ ತೆರೆದದ್ದು ೨೦೧೬ರ ಏಪ್ರಿಲ್ ೧, ಶುಕ್ರವಾರ. ಅಂದಿನಿಂದಲೇ ಬಸ್ಸು ಸೇತುವೆಯ ಮೇಲೆ ಹಾದುಹೋಗತೊಡಗಿತು. ಮೇಲುಕೇರಿಯವರು ಅದನ್ನು ಕಿಟಕಿಯಿಂದ ನೋಡುವಂತಾಯಿತು, ಹತ್ತುವಂತಿರಲಿಲ್ಲ.

ಬಸ್ಸಿನ ಬದಲಿಗೆ ಬಂದದ್ದು ಬಾಡಿಗೆ ಸೈಕಲ್ಲುಗಳ ನಿಲ್ದಾಣ. ೨೦೧೭ರ ಅಕ್ಟೋಬರ್ ೧೫, ಭಾನುವಾರ, ನಗರಸಭೆಯ ಅಧ್ಯಕ್ಷರು ಬಂದು ರಿಬ್ಬನ್ ಕತ್ತರಿಸಿದರು. ಎಲ್ಲರೂ ನೋಡುತ್ತಿದ್ದಂತೆ ಒಂದು ಸೈಕಲ್ಲನ್ನೇರಿ ಇಳಿಜಾರಿನಲ್ಲಿ ನಗುತ್ತ ಹೋದರು. ಮರಳಿ ಬಂದದ್ದು ಕಾರಿನಲ್ಲಿ. ಮುಂದೆ ನಡೆದದ್ದಕ್ಕೆಲ್ಲ ಆ ಉದ್ಘಾಟನೆಯೇ ಮುನ್ನುಡಿಯಾಯಿತು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬುದು ಗಾದೆ. ಇಲ್ಲಿ ಏರಿಗೆಳೆಯುವ ಎತ್ತುಗಳೇ ಇರಲಿಲ್ಲ, ಎಲ್ಲವೂ ಕೋಣಗಳೇ. ಬೆಳಿಗ್ಗೆ ಮೇಲುಕೇರಿಯವರೆಲ್ಲ ಸೈಕಲ್ಲಿನಲ್ಲಿ ಇಳಿದರು, ಸಂಜೆ ನೆರಳಿಲ್ಲದ ಆ ಏರನ್ನು ತುಳಿದು ಹತ್ತುವವರು ಒಬ್ಬರೂ ಇರಲಿಲ್ಲ. ಸೈಕಲ್ಲುಗಳು ಕೆಳಗಿನ ನಿಲ್ದಾಣದಲ್ಲಿ ಕೆರೆಗೆ ಬಿದ್ದ ಎಮ್ಮೆಗಳ ಹಾಗೆ ಗುಂಪುಗೂಡಿ ಮಲಗುತ್ತಿದ್ದವು. ಅವುಗಳನ್ನು ಸಂಜೆ ಲಾರಿಯಲ್ಲಿ ಮೇಲಕ್ಕೆ ಸಾಗಿಸುವ ಏರ್ಪಾಡಾಯಿತು. ಗೋಡೆ ಬಂದ ಮೇಲೆ ಲಾರಿ ಬುಡದ ಆ ತಿರುವಿನಲ್ಲಿ ಹೊರಳದು. ಸಣ್ಣ ವ್ಯಾನು ಬಂತು. ವ್ಯಾನಿನಲ್ಲಿ ಹಿಡಿಸುವಷ್ಟು ಸೈಕಲ್ಲು ಮೇಲೆ ಬಂದವು, ಇಳಿಯುವ ಜನ ಅದರ ಮೂರು ಪಟ್ಟು ಇದ್ದರು.

ಇಸ್ತ್ರಿಯಕ್ಕನಿಗೆ ತೊಂದರೆಯಾಗಲಿಲ್ಲ. ಆಸ್ಪತ್ರೆಯ ಪಾಳಿ ಆರಕ್ಕೇ ಶುರು. ಆಕೆ ಕತ್ತಲಿರುವಾಗಲೇ ಹೊರಡುತ್ತಿದ್ದಳು, ಆಗ ಸಾಲು ತುಂಬಿರುತ್ತಿತ್ತು. ರೇಡಿಯೊ ಎದ್ದು ಮುಖ ತೊಳೆಯುವ ಹೊತ್ತಿಗೆ ಒಂದೂ ಉಳಿಯುತ್ತಿರಲಿಲ್ಲ. ೨೦೧೮ರ ಜನವರಿ ೨೨, ಸೋಮವಾರ, ಇಸ್ತ್ರಿಯಕ್ಕ ಕೆಲಸ ಮುಗಿಸಿ ಬಂದಾಗ ನಾದಿನಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕುಳಿತಿದ್ದಳು.

"ಏನೇ, ಇಷ್ಟು ಬೇಗ ಬಂದ್ಬಿಟ್ಟೆ?"

"ಬೇಗ ಬರ್ಲಿಲ್ಲ ಅತ್ತಿಗೆ, ಒಳಗೇ ಹೋಗ್ಲಿಲ್ಲ. ಓಡಿ ಓಡಿ ಹೋದೆ, ಗೇಟು ಮುಖಕ್ಕೆ ಹಾಕಿದ್ರು. ಇನ್ನೊಂದು ಸಲ ಲೇಟಾದ್ರೆ ಬರಲೇಬೇಡ ಅಂದ್ರು. ಆ ಗೇಟಿನವನು ಹಲ್ಲು ಕಿರಿದಿದ್ದು ನೋಡ್ಬೇಕಿತ್ತು, ಅವನ ಮದುವೆ ಊಟಕ್ಕೆ ಹೋಗಿದ್ದೀನೇನೋ ಅನ್ನೋ ಹಾಗೆ."

ಅತ್ತೆಯವರು ಮೂಲೆಯಿಂದ, "ಇವಳು ಬಾಯಿ ಓಡಿಸಿದ ಹಾಗೆ ಕಾಲು ಓಡ್ಸಿದ್ರೆ ಗೇಟು ತೆಗೆಯೋಕೆ ಮೊದಲೇ ಇರ್ತಿದ್ಳು" ಎಂದರು.

ಇಸ್ತ್ರಿಯಕ್ಕ ಹೇಳಿದಳು: "ನಾಳೆ ನಿಂಗೊಂದು ಸೈಕಲ್ ಇರುತ್ತೆ. ಗೋಡೆ ಪಕ್ಕದ ಕೊನೇದು. ಸೀಟು ಹಿಂದುಮುಂದಾಗಿರುತ್ತೆ, ಸರಿ ಮಾಡ್ಕೊಂಡು ಹೋಗು."

ಪ್ರತಿಯೊಂದು ನಿಲ್ದಾಣದ ಬೋರ್ಡಿನಲ್ಲೂ ಒಂದು ಸೂಚನೆಯಿತ್ತು: ಸೈಕಲ್ಲು ಕೆಟ್ಟಿದ್ದರೆ ಅದರ ಸೀಟನ್ನು ಹಿಂದುಮುಂದಾಗಿ ತಿರುಗಿಸಿಡಿ, ಇತರರು ಅದನ್ನು ಬಳಸಬಾರದು. ರೇಡಿಯೊಗೂ ಅದು ಗೊತ್ತಿತ್ತು.

"ಕೆಟ್ಟಿದ್ದು ಕೊಡ್ತೀಯಾ ನಂಗೆ? ಇಷ್ಟು ವರ್ಷ ಒಟ್ಟಿಗೆ ಉಂಡಿದ್ದಕ್ಕೆ ಇದಾ?"

"ಕೆಟ್ಟಿರಲ್ಲ ಕಣೇ. ಬೇರೆಯೋರು ಕೆಟ್ಟಿದೆ ಅಂದ್ಕೊಳ್ಳಲಿ ಅಂತ."

ರೇಡಿಯೊ ಗೋಡೆಯಿಂದ ಈ ಕಡೆಗೆ ತಿರುಗಿದಳು. "ಅಮ್ಮಾ, ನಿನ್ನ ಸೊಸೆಗೆ ಇಷ್ಟು ತಲೆ ಇದೆ ಅಂತ ಒಂದಿನಾನಾದ್ರೂ ಹೇಳಿದ್ಯಾ ನೀನು? ಚಾದರ ಒಗೆಯೋದು ಬಿಟ್ಟು ಎಲೆಕ್ಷನ್ನಿಗೆ ನಿಂತ್ಕೋ ಅತ್ತಿಗೆ!"

ಹೀಗೆ ಅದು ಶುರುವಾಯಿತು. ಅಂದಿನಿಂದ ಪ್ರತಿದಿನ ಬೆಳಗಿನ ಜಾವ ಇಸ್ತ್ರಿಯಕ್ಕ ತನಗೊಂದು ಸೈಕಲ್ಲು ತೆಗೆದುಕೊಳ್ಳುವ ಮೊದಲು ನಾದಿನಿಗೊಂದನ್ನು ಆರಿಸುತ್ತಿದ್ದಳು. ತನ್ನದು ಹೇಗಿದ್ದರೂ ನಡೆಯುತ್ತಿತ್ತು. ಅವಳದನ್ನು ಆರಿಸುವಾಗ ಮಾತ್ರ ಟೈರನ್ನು ಹೆಬ್ಬೆರಳಿನಿಂದ ಒತ್ತಿ, ಚೈನನ್ನು ಎಳೆದು, ಚಕ್ರವನ್ನು ಕೈಯಿಂದ ತಿರುಗಿಸಿ ಎರಡೂ ಬ್ರೇಕುಗಳನ್ನು ಹಿಡಿದು ನೋಡುತ್ತಿದ್ದಳು. ದೀಪದ ಕಂಬ ಸೇತುವೆಯ ಕೆಲಸಕ್ಕೆಂದು ಕಿತ್ತದ್ದು ಮತ್ತೆ ನೆಟ್ಟಿರಲಿಲ್ಲವಾದ್ದರಿಂದ ಇದೆಲ್ಲವೂ ಬೆರಳುಗಳಲ್ಲೇ ನಡೆಯುವ ಪರೀಕ್ಷೆ. ನಾದಿನಿ ಕುಳ್ಳಿ, ಆದ್ದರಿಂದ ಸೀಟನ್ನು ಪೂರ್ತಿ ಕೆಳಗಿಳಿಸಿ, ಆಮೇಲೆ ಹಿಂದಕ್ಕೆ ತಿರುಗಿಸಿ, ಹಿಡಿಕೆ ಬಿಗಿ ಮಾಡಿ ಹೊರಡುತ್ತಿದ್ದಳು. ರೇಡಿಯೊ ಬಂದು ಸೀಟನ್ನು ನೇರ ಮಾಡಿಕೊಂಡು ಹತ್ತುತ್ತಿದ್ದಳು.

ಬೀದಿಯ ಕಣ್ಣಿಗೆ ಬೀಳದ ಉಪಾಯ ಇದೆಯೇ? ವರ್ಷ ತುಂಬುವುದರೊಳಗೆ ಮನೆಮನೆಯಿಂದಲೂ ಮೊದಲು ಹೊರಡುವವರು ಆಮೇಲೆ ಹೊರಡುವವರಿಗಾಗಿ ಸೀಟು ತಿರುಗಿಸತೊಡಗಿದರು. ಅದಕ್ಕೊಂದು ಮರ್ಯಾದೆಯೂ ಹುಟ್ಟಿಕೊಂಡಿತು: ಒಬ್ಬರು ತಿರುಗಿಸಿದ್ದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ದರ್ಜಿಯದು ಬೋರ್ಡಿನ ಪಕ್ಕದ್ದು, ನರ್ಸಮ್ಮನದು ಮೂರನೆಯದು, ಗೋಡೆಯ ಪಕ್ಕದ ಕೊನೆಯದು ರೇಡಿಯೊದ್ದು. ಬೆಳಗಾಗುತ್ತಲೇ ನಗೆಚಾಟಿಕೆ ಶುರುವಾಗುತ್ತಿತ್ತು.

"ಏನಣ್ಣಾ, ಇವತ್ತು ಊರಿನ ಸೈಕಲ್ಲೆಲ್ಲಾ ಕೆಟ್ಟಿವೆ!" ಎಂದು ರೇಡಿಯೊ ದರ್ಜಿಯನ್ನು ಕೆಣಕುತ್ತಿದ್ದಳು.

"ಹೌದಮ್ಮಾ, ಸಾಂಕ್ರಾಮಿಕ ರೋಗ. ನಿಮ್ಮತ್ತಿಗೆ ಆಸ್ಪತ್ರೆಯಿಂದ ತಂದು ಹಚ್ಚಿದ್ದು."

ಈ ರೋಗದ ಫಲ ಉಣ್ಣಬೇಕಾದವನು ಮೆಕ್ಯಾನಿಕ್ಕು. ಐವತ್ತೆರಡರ ಮನುಷ್ಯ, ಬಗಲಲ್ಲಿ ಸದಾ ನಟ್ಟು ಬಿಗಿಯುವ ಒಂದು ಪಾನಾ. ಹಾಗಾಗಿ ಎಲ್ಲರಿಗೂ ಪಾನಾ ಮಾಮ. ತಿರುಗಿದ ಸೀಟಿನ ಸೈಕಲ್ಲುಗಳನ್ನು ವರ್ಕ್‌ಶಾಪಿಗೆ ಒಯ್ಯುವುದು ಆತನ ಕರ್ತವ್ಯ. ಹತ್ತಲು ಬರಬೇಕಾದವರು ಬಾರದೆ ಉಳಿದದ್ದು, ಅವಸರದಲ್ಲಿ ನೇರ ಮಾಡಲು ಮರೆತು ಹಾಗೆಯೇ ಓಡಿಸಿಕೊಂಡು ಹೋಗಿ ಕೆಳಗೆ ನಿಲ್ಲಿಸಿದ್ದು, ಎಲ್ಲವನ್ನೂ ಆತ ಹೊತ್ತು ಒಯ್ದ. ಒಂದರಲ್ಲೂ ದೋಷ ಕಾಣಲಿಲ್ಲ. ಮೇಲ್ವಿಚಾರಕರು ಆತನನ್ನು ನಿಲ್ಲಿಸಿಕೊಂಡು, "ಗಾಳಿ ಸರಿ ಇದೆ, ಚೈನು ಸರಿ ಇದೆ, ಬ್ರೇಕು ಸರಿ ಇದೆ. ನಿನ್ನ ತಲೆ ಸರಿ ಇದೆಯೇನಯ್ಯಾ?" ಎಂದು ಕೇಳಿದರು. ೨೦೧೮ರ ನವೆಂಬರಿನಿಂದ ಹೊಸ ನಿಯಮ ಬಂತು: ತಿರುಗಿದ ಸೀಟನ್ನು ಕಂಡರೆ ನಿಂತಲ್ಲೇ ಪರೀಕ್ಷಿಸು, ಸರಿಯಿದ್ದರೆ ಸೀಟು ನೇರ ಮಾಡಿ ವ್ಯಾನಿಗೆ ಹಾಕು.

ಪಾನಾ ಮಾಮನಿಗೆ ಬೀದಿಯ ಉಪಾಯ ತಿಳಿಯದೇ ಇರಲಿಲ್ಲ. "ಯಾರಮ್ಮಾ ಈ ಬಡಪಾಯಿಯ ಕತ್ತು ತಿರುವಿದ್ದು?" ಎಂದು ಸಂಜೆ ಕೆಲಸ ಬಿಟ್ಟು ಬರುವವರನ್ನು ಕೇಳುತ್ತಿದ್ದ. ರೇಡಿಯೊ ಒಬ್ಬಳೇ ಉತ್ತರ ಕೊಡುತ್ತಿದ್ದಳು: "ಮಾಮಾ, ಈ ಏರು ನೋಡಿದ್ರೆ ನನ್ನ ತಲೇನೇ ತಿರುಗುತ್ತೆ. ನನ್ನನ್ನೂ ವ್ಯಾನಿಗೆ ಹಾಕ್ಕೊಂಡು ಹೋಗಿ ಮೇಲೆ ಇಳಿಸ್ಬಿಡಿ."

"ಸೈಕಲ್ಲಾದ್ರೆ ಸುಮ್ನಿರುತ್ತಮ್ಮಾ. ನಿನ್ನನ್ನ ಹಾಕ್ಕೊಂಡ್ರೆ ನನ್ನ ಕಿವಿ ರಿಪೇರಿಗೆ ಯಾರು ಬರ್ತಾರೆ?"

೨೦೧೯ರ ಫೆಬ್ರುವರಿ ೨, ಶನಿವಾರ, ಮೇಲುಕೇರಿಗೆ ಹೊಸ ಬಾಡಿಗೆದಾರರೊಬ್ಬರು ಬಂದರು. ಕನ್ನಡಕದ ಅಂಗಡಿಯಲ್ಲಿ ಗುಮಾಸ್ತರು. ಬೀದಿಯ ಒಳಗುಟ್ಟು ಅವರಿಗೆ ಯಾರೂ ಹೇಳಿರಲಿಲ್ಲ. ಫೆಬ್ರುವರಿ ೨೦ರ ಬುಧವಾರ ಅವರು ನಲವತ್ತೇಳನೆಯ ನಂಬರಿನ ಸೈಕಲ್ಲಿನಲ್ಲಿ ಇಳಿದರು. ಬುಡದ ತಿರುವು ಹತ್ತಿರವಾದಾಗ ಬ್ರೇಕು ಹಿಡಿದರೂ ಚಕ್ರ ಜಾರುತ್ತಲೇ ಇತ್ತು. ಅವರು ಕಾಲನ್ನು ಗೋಡೆಗೆ ಒತ್ತಿ, ಬೂಟಿನ ಅಟ್ಟೆ ಕಿತ್ತುಕೊಂಡು, ಹೇಗೋ ನಿಂತರು. ಕೆಳಗಿನ ನಿಲ್ದಾಣಕ್ಕೆ ಸೈಕಲ್ಲನ್ನು ತಳ್ಳಿಕೊಂಡು ಹೋಗಿ, ಬೋರ್ಡಿನ ಮೇಲಿನ ಸೂಚನೆಗಳನ್ನು ಒಂದರಿಂದ ಕೊನೆಯವರೆಗೆ ಓದಿ, ಅದರಂತೆ ಸೀಟನ್ನು ಹಿಂದಕ್ಕೆ ತಿರುಗಿಸಿಟ್ಟು ಅಂಗಡಿಗೆ ಹೋದರು. ಆ ವರ್ಷದಲ್ಲಿ ಆ ಗುರುತನ್ನು ಅದರ ನಿಜವಾದ ಅರ್ಥದಲ್ಲಿ ಬಳಸಿದವರು ಬಹುಶಃ ಅವರೊಬ್ಬರೇ.

ಸಂಜೆ ಪಾನಾ ಮಾಮ ಬಂದ. ಸೈಕಲ್ಲನ್ನು ಎತ್ತಿ, ಚಕ್ರ ತಿರುಗಿಸಿ, ಬ್ರೇಕು ಹಿಡಿದ. ಚಕ್ರ ನಿಂತಿತು. ಬ್ರೇಕಿನ ರಬ್ಬರು ಸವೆದು ಕಲ್ಲಿನಂತಾಗಿತ್ತು. ಕೈಯಲ್ಲಿ ತಿರುಗಿಸಿದ ಚಕ್ರವನ್ನು ಅದು ಹಿಡಿಯುತ್ತಿತ್ತು, ಆಳಿನ ಭಾರ ಹೊತ್ತು ಇಳಿಜಾರಿನಲ್ಲಿ ಓಡುವ ಚಕ್ರವನ್ನು ಹಿಡಿಯುತ್ತಿರಲಿಲ್ಲ. "ಇನ್ನೊಂದು ಸುಳ್ಳು ಕಾಯಿಲೆ" ಎಂದು ಗೊಣಗಿ ಆತ ಸೀಟನ್ನು ನೇರ ಮಾಡಿ ವ್ಯಾನಿಗೆ ಹಾಕಿದ. ಮೇಲಿನ ನಿಲ್ದಾಣದಲ್ಲಿ ಗೋಡೆಯ ಪಕ್ಕದ ಕೊನೆಯ ಜಾಗ ಖಾಲಿಯಿತ್ತು, ಅಲ್ಲಿಗೇ ನಿಲ್ಲಿಸಿದ.

ಮರುದಿನ, ಗುರುವಾರ, ಬೆಳಕು ಹರಿಯುವ ಮೊದಲು ಇಸ್ತ್ರಿಯಕ್ಕ ಬಂದಳು. ಹೆಬ್ಬೆರಳಿನಿಂದ ಟೈರು ಒತ್ತಿದಳು. ಚೈನು ಎಳೆದಳು. ಚಕ್ರ ತಿರುಗಿಸಿ ಬ್ರೇಕು ಹಿಡಿದಳು, ಚಕ್ರ ನಿಂತಿತು. ಸೀಟನ್ನು ಕೆಳಗಿಳಿಸಿದಳು, ಹಿಂದಕ್ಕೆ ತಿರುಗಿಸಿದಳು, ಬಿಗಿ ಮಾಡಿದಳು. ಒಂದೂವರೆ ಗಂಟೆಯ ಬಳಿಕ ರೇಡಿಯೊ ಬಂದು ಅದನ್ನು ಮುಂದಕ್ಕೆ ತಿರುಗಿಸಿಕೊಂಡಳು. ಒಂದು ದಿನದೊಳಗೆ ಒಂದೇ ಸೀಟನ್ನು ನಾಲ್ಕು ಕೈಗಳು ತಿರುಗಿಸಿದ್ದವು. ನಾಲ್ವರಲ್ಲಿ ಒಬ್ಬರೂ ಕೆಟ್ಟದ್ದನ್ನು ಬಯಸಿದವರಲ್ಲ.

ಪೇಪರ್ ಹಾಕುವವನು ಏರು ಹತ್ತಿ ಬರುತ್ತಿದ್ದ. ಅವಳು ಅವನನ್ನು ದಾಟುವಾಗ "ಸರೀರೀ, ಸರೀರೀ" ಎಂದು ಕೂಗುತ್ತಿದ್ದಳಂತೆ. ಯಾವಾಗಲೂ ಕೂಗುವವಳೇ ಆದ್ದರಿಂದ ಅವನು ನಕ್ಕು ಬದಿಗೆ ಸರಿದ. ತಿರುವಿನ ಕಡೆಯಿಂದ ಸದ್ದು ಬಂದಾಗ ತಿರುಗಿ ನೋಡಿದ. ಸೇತುವೆಯ ಕೊನೆಯ ಕಂಬದ ಬುಡದಲ್ಲಿ ಅವಳು ಬಿದ್ದಿದ್ದಳು.

ಕೆಳಗಿದ್ದ ಆಸ್ಪತ್ರೆ ಒಂದೇ, ಅಲ್ಲಿಗೇ ಒಯ್ದರು. ನೆಲಮಾಳಿಗೆಯಲ್ಲಿ ಇಸ್ತ್ರಿಯಕ್ಕ ಎಂದಿನಂತೆ ವಿಂಗಡಿಸುತ್ತಿದ್ದಳು. ತುರ್ತು ಚಿಕಿತ್ಸೆಯ ಕೋಣೆಯ ಬಟ್ಟೆ ಬೇರೆ ಚೀಲದಲ್ಲಿ ಬರುತ್ತದೆ. ರಕ್ತದ ಬಟ್ಟೆಗೆ ಬಿಸಿನೀರು ತಾಗಿಸಬಾರದು; ತಾಗಿದರೆ ಕಲೆ ಕಚ್ಚಿಕೊಂಡುಬಿಡುತ್ತದೆ. ಮೊದಲು ತಣ್ಣೀರು, ಆಮೇಲೆ ಉಪ್ಪು, ಆಮೇಲೆ ಸೋಪು. ಅಂದು ಬೆಳಿಗ್ಗೆ ಬಂದ ಚೀಲದಲ್ಲಿದ್ದ ಮೂರು ಚಾದರಗಳನ್ನು ಆಕೆ ತಣ್ಣೀರಿನ ತೊಟ್ಟಿಗೆ ಹಾಕಿ, ಕೈಯಿಂದ ಅದುಮಿ, ನೀರು ಕೆಂಪಾದಾಗ ಬದಲಿಸಿದಳು. ಕಾವಲುಗಾರ ಮೆಟ್ಟಿಲಿಳಿದು ಬಂದು ಸುದ್ದಿ ಹೇಳಿದಾಗ ಮೊಣಕೈವರೆಗೆ ಆಕೆಯ ಕೈ ತೊಟ್ಟಿಯಲ್ಲಿತ್ತು. ಆಕೆ ಕೇಳಿದ್ದು ಒಂದೇ ಮಾತು: "ಯಾವ ಸೈಕಲ್ಲು?" ದುಃಖಕ್ಕೆ ಬುದ್ಧಿ ಭ್ರಮಿಸಿದೆಯೆಂದು ಆತ ಭಾವಿಸಿದ. ಆ ಚಾದರಗಳು ಯಾರವು ಎಂದು ಆಕೆ ಅಂದೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಮನೆಯಲ್ಲಿ ಅತ್ತೆಯವರು ಅಳಲಿಲ್ಲ. ಮಾತು ನಿಂತ ಮನೆಯ ಸದ್ದನ್ನು ಕೇಳಿಸಿಕೊಳ್ಳುವವರಂತೆ ತಲೆ ಒಂದು ಬದಿಗೆ ವಾಲಿಸಿ ಮಂಚದ ಮೇಲೆ ಕುಳಿತುಬಿಟ್ಟರು. ಬೀದಿಯವರು ಬಂದರು, ಹೋದರು. ಬಂದವರೆಲ್ಲರೂ ಸೀಟು ತಿರುಗಿಸುವವರೇ. ಇಸ್ತ್ರಿಯಕ್ಕನ ಕಣ್ಣನ್ನು ನೋಡಿ ಮಾತಾಡಿದವರು ಒಬ್ಬರೂ ಇಲ್ಲ.

ಪಾನಾ ಮಾಮನನ್ನು ಮರುದಿನವೇ ಅಮಾನತು ಮಾಡಿದರು. ಸೀಟು ನೇರ ಮಾಡಿದ್ದು ತಾನೇ ಎಂದು ಆತ ಕೇಳುವ ಮೊದಲೇ ಒಪ್ಪಿಕೊಂಡಿದ್ದ. ಮಾರ್ಚ್ ೧೧, ಸೋಮವಾರ ಮಧ್ಯಾಹ್ನ, ಆತ ಆಸ್ಪತ್ರೆಯ ಹಿಂಬದಿಯ ಗೇಟಿನಲ್ಲಿ ಇಸ್ತ್ರಿಯಕ್ಕನಿಗಾಗಿ ಕಾದು ನಿಂತಿದ್ದ. ಬಗಲಲ್ಲಿ ಪಾನಾ ಇರಲಿಲ್ಲ.

"ಅಕ್ಕಾ, ನಾನು ಬಂದಿದ್ದು ತಪ್ಪು ಅಂದ್ಕೋಬೇಡಿ."

"ಹೇಳಿ ಮಾಮಾ."

"ನಾನು ನೇರ ಮಾಡಿದ್ದು ನಿಜ. ಇಲ್ಲ ಅನ್ನಲ್ಲ. ಕೈಯಾರೆ ಬ್ರೇಕು ಹಿಡಿದು ನೋಡಿದ್ದೆ. ಗುರುವಾರ ಬೆಳಿಗ್ಗೆ ಅದರ ಸೀಟು ಹೇಗಿತ್ತು ಅಂತ ಯಾರಾದ್ರೂ ನೋಡಿದ್ರೆ... ತಿರುಗಿತ್ತು ಅಂತ ಒಬ್ರು ಹೇಳಿದ್ರೂ ಸಾಕು, ನನ್ನ ಕೆಲಸ ಉಳಿಯುತ್ತಂತೆ. ಈ ವಯಸ್ಸಲ್ಲಿ ಇನ್ಯಾರು ಕರೀತಾರೆ ನನ್ನ?"

ಆಕೆ ಗೇಟಿನ ಕಂಬಿಯನ್ನು ಹಿಡಿದುಕೊಂಡಳು. "ಕತ್ತಲಿತ್ತು ಮಾಮಾ. ದೀಪದ ಕಂಬ ಕಿತ್ತಿದ್ದಾರಲ್ಲ."

"ಹೌದು, ಕತ್ತಲಿತ್ತು" ಎಂದು ಆತ ಒಪ್ಪಿದ. ಗೋಡೆಯ ಪಕ್ಕದ ಕೊನೆಯ ಸೈಕಲ್ಲು ಯಾರಿಗಾಗಿ, ಅದನ್ನು ತಿರುಗಿಸುವವರು ಯಾರು ಎಂಬುದು ಆತನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆತ ಇನ್ನೊಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. "ಊಟ ಆಯ್ತಾ ಅಕ್ಕಾ?" ಎಂದ. ಉತ್ತರಕ್ಕೆ ಕಾಯದೆ ಹೊರಟುಹೋದ.

ವಿಚಾರಣೆಯ ದಿನ ಬೀದಿಯವರನ್ನೆಲ್ಲ ಕರೆಸಿದ್ದರು. ದರ್ಜಿ ನೋಡಿಲ್ಲ ಎಂದ. ನರ್ಸಮ್ಮ ನೋಡಿಲ್ಲ ಎಂದರು. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ, ಇದ್ದರೂ ಇದ್ದೀತು ಇಲ್ಲದಿದ್ದರೂ ಇಲ್ಲ ಎಂದು ಮತ್ತೊಬ್ಬರು. ಕನ್ನಡಕದ ಅಂಗಡಿಯ ಗುಮಾಸ್ತರು ಎದ್ದು ನಿಂತು, "ನಾನು ಬೋರ್ಡಲ್ಲಿ ಬರೆದ ಹಾಗೇ ಮಾಡಿದ್ದೆ ಸಾರ್. ಬುಧವಾರ ಸೀಟು ತಿರುಗಿಸಿದ್ದೆ. ಅಷ್ಟು ಮಾಡಿದ್ರೆ ಸಾಕು ಅಂತ ಅಲ್ಲೇ ಬರೆದಿದೆಯಲ್ಲ ಸಾರ್" ಎಂದು, ಸಾಕಲ್ಲವೇ ಎಂಬಂತೆ ಸುತ್ತಲೂ ನೋಡಿದರು. ಯಾರೂ ತಲೆಯಾಡಿಸಲಿಲ್ಲ. ಪಾನಾ ಮಾಮ ಗೋಡೆಗೊರಗಿ ನಿಂತಿದ್ದ. ಕೂರಲು ಹೇಳಿದರೂ ಕೂರಲಿಲ್ಲ.

ವಿಚಾರಣೆ ನಡೆಸುತ್ತಿದ್ದ ಅಧಿಕಾರಿಗಳು ಕಡೆಯದಾಗಿ, "ಮೃತರ ಮನೆಯವರು ಏನಾದರೂ ಹೇಳುವುದಿದೆಯೇ?" ಎಂದು ಕೇಳಿದರು. ಅದು ಔಪಚಾರಿಕವಾದ ಪ್ರಶ್ನೆ. ಅವರು ಆಗಲೇ ಕನ್ನಡಕ ತೆಗೆಯುತ್ತಿದ್ದರು.

ಇಸ್ತ್ರಿಯಕ್ಕ ಅತ್ತೆ ಕುಳಿತಿದ್ದ ಕಡೆಗೆ ನೋಡಲಿಲ್ಲ. ಎದ್ದು ನಿಂತಳು.

"ಸೀಟು ತಿರುಗಿತ್ತು ಸಾರ್."

ಕನ್ನಡಕ ಮತ್ತೆ ಮೂಗಿಗೇರಿತು. "ನೀವು ಕಣ್ಣಾರೆ ನೋಡಿದಿರಾ?"

"ನೋಡಿದ್ದಲ್ಲ, ತಿರುಗಿಸಿದ್ದು. ನಾನೇ."

"ಅಂದರೆ ಸೈಕಲ್ಲು ಕೆಟ್ಟಿದೆ ಎಂದು ನಿಮಗೆ ಗೊತ್ತಿತ್ತು."

"ಇಲ್ಲ ಸಾರ್. ಕೆಟ್ಟಿದೆ ಅಂತ ತಿರುಗಿಸ್ಲಿಲ್ಲ, ಚೆನ್ನಾಗಿದೆ ಅಂತ ತಿರುಗಿಸಿದೆ. ಅವಳಿಗೆ ಅಂತ ಇಟ್ಟಿದ್ದೆ. ಅವಳು ಕುಳ್ಳಿ, ಸೀಟು ಇಳಿಸಿ ಇಟ್ಟಿದ್ದೆ. ದಿನಾ ಇಡ್ತಿದ್ದೆ. ನಮ್ಮ ಬೀದೀಲಿ ಎಲ್ರೂ ಹೀಗೇ ಇಡೋದು. ಪಾನಾ ಮಾಮ ನೇರ ಮಾಡಿದ್ದಕ್ಕೂ ಅದೇ ಕಾರಣ. ತಿರುಗಿದ್ದೆಲ್ಲಾ ಸುಳ್ಳೇ ಆಗಿತ್ತಲ್ಲ. ಅವಳು ಗುರುತು ನೋಡೀನೂ ಹತ್ತಿದ್ಳು ಅಂತ ಬರೀಬೇಡಿ. ಆ ಗುರುತು ನಂದು ಅಂತ ನಂಬಿ ಹತ್ತಿದ್ಳು."

ಸಭೆಯಲ್ಲಿ ಬೆಂಚುಗಳು ಕಿರ್ರೆಂದವು. ಅಧಿಕಾರಿಗಳು ತಮ್ಮ ಕಚೇರಿಯ ಬರಹಗಾರನ ಕಡೆಗೆ ತಿರುಗಿ ನಿಧಾನವಾಗಿ ಬರೆಯಿಸಿದರು: "ದಿನಾಂಕ ೨೧ರ ಮುಂಜಾನೆ ಸದರಿ ಸೈಕಲ್ಲಿನ ಸೀಟು ಹಿಂದಕ್ಕೆ ತಿರುಗಿಸಲ್ಪಟ್ಟಿತ್ತು." ಪೂರ್ಣವಿರಾಮ.

"ಯಾಕೆ ತಿರುಗಿಸಿದ್ದು ಅಂತಾನೂ ಬರ್ಕೊಳ್ಳಿ ಸಾರ್."

"ಅದು ಈ ವಿಚಾರಣೆಯ ವ್ಯಾಪ್ತಿಗೆ ಬರೋದಿಲ್ಲಮ್ಮಾ. ಕೂತ್ಕೊಳ್ಳಿ."

ಆಕೆ ಕೂರಲಿಲ್ಲ. ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದಳು. ಆಮೇಲೆ ಸಭೆ ಮುಗಿಯಿತು, ಎಲ್ಲರೂ ಎದ್ದರು; ನಿಂತಿದ್ದವಳು ಅವಳೊಬ್ಬಳೇ ಅಲ್ಲವೆಂದಾಯಿತು.

ವರದಿಯಲ್ಲಿ, ಎಚ್ಚರಿಕೆಯ ಗುರುತನ್ನು ಕಡೆಗಣಿಸಿದ್ದೇ ಸಾವಿಗೆ ಕಾರಣ ಎಂದು ಬಂತು. ಪಾನಾ ಮಾಮನ ಕೆಲಸ ಉಳಿಯಿತು. ಆತನನ್ನು ಪೇಟೆಯ ಇನ್ನೊಂದು ಕೊನೆಯ ನಿಲ್ದಾಣಕ್ಕೆ ಹಾಕಿದರು. ಅಲ್ಲಿ ಆತ ತಿರುಗಿದ ಸೀಟಿನ ಪ್ರತಿಯೊಂದು ಸೈಕಲ್ಲನ್ನೂ ತಾನೇ ಹತ್ತಿ ಓಡಿಸಿ ನೋಡತೊಡಗಿದ. ಹೊತ್ತು ಹಾಳಾಗುತ್ತದೆಂದು ಅದನ್ನು ನಿಲ್ಲಿಸುವಂತೆ ಹೇಳಿದರು. ಮೇಲುಕೇರಿಯ ನಿಲ್ದಾಣವನ್ನು, ಗುರುತಿನ ದುರುಪಯೋಗವಾಗುತ್ತಿದೆ ಎಂಬ ಕಾರಣ ಕೊಟ್ಟು, ೨೦೧೯ರ ಏಪ್ರಿಲ್ ೧, ಸೋಮವಾರ ಕಿತ್ತರು. ಕಾಂಕ್ರೀಟಿನಲ್ಲಿ ಹುಗಿದ ಬೋಲ್ಟುಗಳು ಉಳಿದುಕೊಂಡವು. ಬೆಳಗಿನ ಜಾವದ ಕತ್ತಲಲ್ಲಿ ನಡೆದು ಹೋಗುವವರು ಅವಕ್ಕೆ ಎಡವುತ್ತಾರೆ. ಎಡವಿದವರು ಬಯ್ಯುವುದು ನಗರಸಭೆಯನ್ನಲ್ಲ. "ಸತ್ತೋಳಂತೂ ಸತ್ಲು, ಇವಳು ಬಾಯಿ ಬಿಟ್ಟು ಬದುಕಿರೋರ ಕಾಲು ಮುರಿದ್ಲು" ಎಂದು ದರ್ಜಿ ಹೇಳಿದ್ದು ಆಕೆಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಇತ್ತು.

ವಿಚಾರಣೆ ಮುಗಿದ ದಿನ ಅತ್ತೆ ಸೊಸೆ ಇಬ್ಬರೂ ನಡೆದೇ ಏರು ಹತ್ತಿದರು. ಅತ್ತೆಯವರು ಆ ಏರನ್ನು ನಡೆದು ಹತ್ತಿ ಮೂರು ವರ್ಷವಾಗಿತ್ತು. ತಿರುವುಗಳಿಲ್ಲ, ಮರಗಳಿಲ್ಲ, ಕಟ್ಟೆಕಲ್ಲುಗಳಿಲ್ಲ. ಕೊನೆಯ ಕಂಬದ ಬಳಿ ಇಬ್ಬರೂ ತಲೆ ಎತ್ತಲಿಲ್ಲ. ಅರ್ಧ ಏರಿನಲ್ಲಿ ಮುದುಕಿ ಗೋಡೆಗೆ ಅಂಗೈ ಊರಿ ನಿಂತರು. ಸೊಸೆ ಹಿಡಿದುಕೊಳ್ಳಲು ಕೈ ಚಾಚಿದಳು. ಆ ಕೈಯನ್ನು ಅವರು ತಳ್ಳಲಿಲ್ಲ, ಹಿಡಿಯಲೂ ಇಲ್ಲ.

"ಬ್ರೇಕು ಹಿಡಿದು ನೋಡಿದ್ಯಾ?" ಎಂದು ಕೇಳಿದರು.

"ನೋಡಿದೆ ಅತ್ತೆ. ಹಿಡೀತು."

ಮುದುಕಿ ಉಸಿರು ಹತೋಟಿಗೆ ಬರುವವರೆಗೆ ಕಾದರು. "ನಿಂತಾಗ ಎಲ್ಲಾನೂ ಹಿಡಿಯುತ್ತೆ" ಎಂದರು. ಮತ್ತೆ ಹತ್ತತೊಡಗಿದರು.

ಅವರು ಸೊಸೆಯನ್ನು ಮನೆಯಿಂದ ಹೊರಹಾಕಲಿಲ್ಲ. ಆಕೆಯೂ ಬೇರೆಲ್ಲಿಗೆ ಹೋದಾಳು? ಈಗ ಆಕೆ ಮೊದಲಿಗಿಂತ ಒಂದು ಗಂಟೆ ಮುಂಚೆ ಏಳುತ್ತಾಳೆ, ನಡೆದು ಇಳಿಯುತ್ತಾಳೆ, ತಣ್ಣೀರಿನ ತೊಟ್ಟಿ ತುಂಬಿಸುತ್ತಾಳೆ. ಊಟ ಬಡಿಸಿಟ್ಟಿರುತ್ತದೆ, ಬಾಗಿಲು ತೆರೆದಿರುತ್ತದೆ. ಅತ್ತೆಯವರು ಅಗತ್ಯವಿದ್ದಷ್ಟು ಮಾತಾಡುತ್ತಾರೆ: ದೀಪ ಆರಿಸು, ನೀರು ಹಿಡಿ, ಬಾಗಿಲು ಹಾಕು. ಆದರೆ ಆ ದಿನದಿಂದ ಅವರ ಬಾಯಲ್ಲಿ "ದೊಡ್ಡವಳೇ" ಎಂಬ ಮಾತು ಬಂದಿಲ್ಲ. ಚಿಕ್ಕವಳಿಲ್ಲದ ಮನೆಯಲ್ಲಿ ದೊಡ್ಡವಳು ಯಾರು? ಉಳಿದವಳು ಒಬ್ಬಳೇ ಆದ್ದರಿಂದ ಹೇಳಿದ್ದು ಯಾರಿಗೆ ಎಂಬ ಅನುಮಾನಕ್ಕೂ ಆಸ್ಪದವಿಲ್ಲ. ಆಕೆ ಏಳುತ್ತಾಳೆ, ದೀಪ ಆರಿಸುತ್ತಾಳೆ, ಬಾಗಿಲು ಹಾಕುತ್ತಾಳೆ.